ಪರಭಾಷೆಗೆ ನಾಲಗೆ ತಿರುಗುವ ಬಗೆ

ಕ್ಯಾನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಸೇಂಟ್ ಲಾರೆನ್ಸ್ ಮಹಾನದಿಯ ದಕ್ಷಿಣ ತೀರದಲ್ಲಿ, ಮಾಂಟ್ರಿಯಲ್ ನಗರಕ್ಕೆ ಎದುರಾಗಿ ಸೇಂಟ್ ಲ್ಯಾಂಬರ್ಟ್ ಎಂಬ ಒಂದು ಸಣ್ಣ ಊರುಂಟು. 1960ರ ದಶಕದ ಆದಿಯಲ್ಲಿ ಅಲ್ಲಿ ಇಂಗ್ಲಿಷ್ ಆಡುವವರೂ ಫ್ರೆಂಚ್ ಆಡುವವರೂ ಒಂದೇ ಊರಿನ ಗಾಳಿ ನೀರುಗಳನ್ನು ಸೇವಿಸುತ್ತ, ಒಬ್ಬರ ಮಾತು ಮತ್ತೊಬ್ಬರ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದ ರೀತಿಯಲ್ಲಿ ಬೇರೆ ಬೇರೆಯಾಗಿಯೇ ಬಾಳುತ್ತಿದ್ದರು. ಇಂಗ್ಲಿಷ್ ಮನೆಗಳ ಮಕ್ಕಳಿಗೆ ಶಾಲೆಯಲ್ಲಿ ಫ್ರೆಂಚ್ ಪಾಠವಿರಲಿಲ್ಲವೆಂದಲ್ಲ. ಪ್ರತಿದಿನವೂ ಸ್ವಲ್ಪ ಹೊತ್ತು ಪಾಠ ನಡೆಯುತ್ತಿತ್ತು, ಶಬ್ದಗಳ ಪಟ್ಟಿ ಬಾಯಿಪಾಠವಾಗುತ್ತಿತ್ತು, ಕ್ರಿಯಾಪದಗಳ ರೂಪಾವಳಿಯನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೆ ಹತ್ತು ಹನ್ನೆರಡು ವರ್ಷಗಳ ಅಭ್ಯಾಸವನ್ನು ಮುಗಿಸಿ ಹೊರಬಂದ ತರುಣನು ಎದುರುಮನೆಯ ಫ್ರೆಂಚ್ ಗೃಹಸ್ಥನೊಡನೆ ಹವೆಯ ವಿಷಯವಾಗಿ ನಾಲ್ಕು ಮಾತನಾಡಬೇಕಾಗಿ ಬಂದಾಗ ಅವನ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಅಷ್ಟು ಕಾಲ ಕಲಿತ ಭಾಷೆ ಬಾಯಿಗೆ ಬಾರದೆ ಹೋದುದೇಕೆಂಬ ಪ್ರಶ್ನೆಯನ್ನು ಎತ್ತಿದವರು ವಿದ್ವಾಂಸರಲ್ಲ, ಅಧಿಕಾರಿಗಳೂ ಅಲ್ಲ. ಆ ಊರಿನ ಕೆಲವು ತಾಯಂದಿರು.

ಕಾಲವು ಆ ಪ್ರಶ್ನೆಗೆ ಅನುಕೂಲವಾಗಿತ್ತು. 1960ರಲ್ಲಿ ಜ್ಹಾನ್ ಲಸಾಜ್ ಅವರ ಪಕ್ಷ ಕ್ವಿಬೆಕ್ಕಿನಲ್ಲಿ ಅಧಿಕಾರಕ್ಕೆ ಬಂದಂದಿನಿಂದ ಫ್ರೆಂಚ್ ಜನರಲ್ಲಿ ಆತ್ಮಗೌರವದ ಒಂದು ಹೊಸ ಎಚ್ಚರ ಮೂಡಿ, ಬ್ಯಾಂಕಿನಲ್ಲಿಯೂ ಕಾರ್ಖಾನೆಯಲ್ಲಿಯೂ ಕಚೇರಿಯಲ್ಲಿಯೂ ತಮ್ಮ ಭಾಷೆಗೆ ಸ್ಥಾನ ದೊರೆಯಬೇಕೆಂಬ ಒತ್ತಾಯ ಬಲಗೊಂಡಿತ್ತು. ತಮ್ಮ ಮಕ್ಕಳು ಈ ನೆಲದಲ್ಲಿಯೇ ಉಳಿದು ಬಾಳಬೇಕಾದರೆ ನೆಲದ ಭಾಷೆ ಅವರಿಗೆ ಸಲೀಸಾಗಿ ಬರಬೇಕೆಂದು ಕಂಡುಕೊಂಡ ಆಲ್ಗಾ ಮೆಲಿಕಾಫ್, ಮ್ಯೂರಿಯಲ್ ಪಾರ್ಕ್ಸ್, ವ್ಯಾಲರಿ ನೀಲ್ ಎಂಬ ಮೂವರು ಗೃಹಿಣಿಯರು 1963ರಲ್ಲಿ ಕೆಲವು ನೆರೆಹೊರೆಯ ದಂಪತಿಗಳನ್ನು ಕೂಡಿಸಿ ಸಮಾಲೋಚನೆಗೆ ತೊಡಗಿದರು. ಶಾಲಾಮಂಡಲಿಯವರು ಮೊದಮೊದಲು ಅವರಿಗೆ ಕಿವಿಗೊಡಲಿಲ್ಲ. ತಾಯಂದಿರು ಹಿಂಜರಿಯದೆ ಮೆಕ್‌ಗಿಲ್ ವಿಶ್ವವಿದ್ಯಾಲಯದ ಇಬ್ಬರು ಪಂಡಿತರ ಮೊರೆಹೊಕ್ಕರು: ಒಬ್ಬರು, ಬಾಲ್ಯದ ಮೊದಲ ದಶಕದಲ್ಲಿ ಮಿದುಳು ಭಾಷೆಯನ್ನು ಗ್ರಹಿಸುವುದರಲ್ಲಿ ವಿಶೇಷ ಸಮರ್ಥವಾಗಿರುತ್ತದೆಂದು ವಾದಿಸಿದ್ದ ಪ್ರಸಿದ್ಧ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಇನ್ನೊಬ್ಬರು, ಎರಡು ಭಾಷೆಗಳನ್ನು ಬಲ್ಲ ಮಕ್ಕಳ ಬುದ್ಧಿಗೆ ಅದರಿಂದ ಕುಂದಿಲ್ಲ, ಮೇಲುಗೈಯೇ ಉಂಟೆಂದು ಎಲಿಜಬೆತ್ ಪೀಲ್ ಅವರೊಡನೆ 1962ರಲ್ಲಿ ಪ್ರಕಟಿಸಿದ್ದ ಮನಶ್ಶಾಸ್ತ್ರಜ್ಞ ವಾಲೇಸ್ ಲ್ಯಾಂಬರ್ಟ್. ಇವರ ಬೆಂಬಲವನ್ನು ಪಡೆದು, ಎರಡು ವರ್ಷ ಬಿಡದೆ ಕಾಡಿದ ಮೇಲೆ, 1965ರ ಸೆಪ್ಟೆಂಬರಿನಲ್ಲಿ 26 ಮಂದಿ ಇಂಗ್ಲಿಷ್ ಮಕ್ಕಳ ಒಂದು ಶಿಶುತರಗತಿ ಸಂಪೂರ್ಣವಾಗಿ ಫ್ರೆಂಚಿನಲ್ಲಿ ಪ್ರಾರಂಭವಾಯಿತು. ಇಂದು ಕ್ಯಾನಡಾದಲ್ಲಿ 4 ಲಕ್ಷಕ್ಕೂ ಮಿಕ್ಕ ಮಕ್ಕಳು ಓದುತ್ತಿರುವ ‘ಇಮ್ಮರ್ಶನ್’ ಪದ್ಧತಿಗೆ ಮೂಲವಾದುದು ಈ ತರಗತಿಯೇ.

ಮೌನಕ್ಕೆ ಕೊಟ್ಟ ಮರ್ಯಾದೆ

ಆ ತರಗತಿಯ ನಿಯಮ ಕೇಳುವುದಕ್ಕೆ ಕಠಿಣವಾಗಿಯೂ ಆಚರಣೆಯಲ್ಲಿ ಅತ್ಯಂತ ಮೃದುವಾಗಿಯೂ ಇತ್ತು. ಉಪಾಧ್ಯಾಯಿನಿಯಾದವಳು ಮೊದಲ ದಿನದಿಂದಲೇ ಫ್ರೆಂಚನ್ನಲ್ಲದೆ ಬೇರೊಂದನ್ನು ಆಡತಕ್ಕದ್ದಲ್ಲ. ಮಕ್ಕಳಾದರೋ ತಮಗೆ ಬಂದ ಭಾಷೆಯಲ್ಲಿ ಏನನ್ನು ಬೇಕಾದರೂ ಆಡಬಹುದು. ಮಗು ಇಂಗ್ಲಿಷಿನಲ್ಲಿ ಕೇಳಿದರೆ ಆಕೆ ಕೋಪಿಸದೆ, ಕೇಳಿಸಲಿಲ್ಲವೆಂಬಂತೆ ನಟಿಸದೆ, ಕೇಳಿದುದನ್ನು ಅರ್ಥಮಾಡಿಕೊಂಡು ಫ್ರೆಂಚಿನಲ್ಲಿ ಉತ್ತರ ಹೇಳುವಳು. ನಿರ್ಬಂಧವೆಲ್ಲ ಹಿರಿಯಳಿಗೆ, ಸ್ವಾತಂತ್ರ್ಯವೆಲ್ಲ ಕಿರಿಯರಿಗೆ. ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದುದರಿಂದ, ಈ ಒಂದು ವಿಪರ್ಯಯದಲ್ಲಿಯೇ ಪದ್ಧತಿಯ ಅರ್ಧ ರಹಸ್ಯ ಅಡಗಿದೆಯೆಂದು ಹೇಳಬಹುದು.

ಅರ್ಥವಾಗದ ಭಾಷೆ ಅರ್ಥವಾಗುವುದು ಹೇಗೆಂದು ತಿಳಿಯಬೇಕಾದರೆ ಕ್ಯಾನಡಾದ ಚಳಿಗಾಲದ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಬೇಕು. ಹೊರಗೆ ಹಿಮ ಬಿದ್ದಿದೆ. ಆಟಕ್ಕೆ ಬಿಡುವ ಮೊದಲು ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ದಪ್ಪ ಉಡುಪು, ಪಾದರಕ್ಷೆ, ಟೋಪಿ, ಕೈಗವುಸುಗಳನ್ನು ತೊಡಿಸಬೇಕು. ಉಪಾಧ್ಯಾಯಿನಿ ಕೈಗವುಸನ್ನು ಎತ್ತಿ ತೋರಿಸಿ ‘ಮಿತೆನ್’ ಎನ್ನುತ್ತಾಳೆ, ಉಣ್ಣೆಯ ಟೋಪಿಯನ್ನು ತಲೆಗೇರಿಸಿ ‘ತ್ಯೂಕ್’ ಎನ್ನುತ್ತಾಳೆ, ಪಾದರಕ್ಷೆಯನ್ನು ಕಾಲಿಗೆ ಸಿಕ್ಕಿಸುತ್ತ ‘ಬೋತ್’ ಎನ್ನುತ್ತಾಳೆ. ನಿನ್ನೆಯೂ ಇದೇ ಮಾತು, ನಾಳೆಯೂ ಇದೇ ಮಾತು, ಅದೇ ಕ್ರಮ, ಅದೇ ಅಭಿನಯ. ಅನುವಾದದ ಗೋಜಿಲ್ಲದೆ, ವಸ್ತುವಿನ ಬೆನ್ನಿಗೇ ಶಬ್ದವು ಬಂದು ಕುಳಿತುಕೊಳ್ಳುತ್ತದೆ. ಒಂದು ಕೈಗವುಸು ಕಾಣದೆ ಹೋದ ದಿನ, ಹೊರಗೆ ಓಡುವ ಆತುರದಲ್ಲಿರುವ ಹುಡುಗ ತನಗರಿವಿಲ್ಲದೆಯೇ ‘ಮಿತೆನ್!’ ಎಂದು ಕೂಗಿಕೊಳ್ಳುತ್ತಾನೆ. ವ್ಯಾಕರಣದ ದೃಷ್ಟಿಯಿಂದ ಅದು ವಾಕ್ಯವಲ್ಲ. ಆದರೆ ಕೇಳಿದವಳು ಕೈಗವುಸನ್ನು ಹುಡುಕಿ ಕೊಟ್ಟಳಾದ್ದರಿಂದ ಅದು ಸಾರ್ಥಕವಾದ ಮಾತು. ಬೆಳಗಿನ ವಾರ-ತಿಥಿಗಳ ಪ್ರಶ್ನೆ, ಕಿಟಕಿಯಿಂದ ಹೊರಗೆ ನೋಡಿ ಹವೆಯನ್ನು ವರ್ಣಿಸುವುದು, ‘ಫ್ರೇರ್ ಜಾಕ್’ ಮುಂತಾದ ಶಿಶುಗೀತಗಳನ್ನು ಒಟ್ಟಾಗಿ ಹಾಡುವುದು, ಇವುಗಳಲ್ಲೆಲ್ಲ ಇರುವುದು ಇದೇ ತಂತ್ರ: ಪುನರಾವೃತ್ತಿಯು ಬೇಸರವಾಗದಂತೆ ದಿನಚರಿಯೊಳಗೆ ಬೆರೆತುಹೋಗಿರುತ್ತದೆ. ಗುಂಪಿನ ಹಾಡಿನಲ್ಲಿ ಇನ್ನೊಂದು ಅನುಕೂಲವುಂಟು. ಫ್ರೆಂಚಿನ ಅನುನಾಸಿಕ ಸ್ವರಗಳನ್ನೂ ಗಂಟಲಿನಲ್ಲಿ ಉರುಳುವ ರೇಫವನ್ನೂ ಒಂಟಿಯಾಗಿ ಉಚ್ಚರಿಸಲು ನಾಚುವ ಮಗು ಹತ್ತು ಕಂಠಗಳ ನಡುವೆ ತನ್ನ ಕಂಠವನ್ನು ಅಡಗಿಸಿಕೊಂಡು ನಿರ್ಭಯವಾಗಿ ಅಭ್ಯಾಸ ಮಾಡಿಕೊಳ್ಳುತ್ತದೆ.

ಇಷ್ಟಾದರೂ ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಹೇಳಿದುದನ್ನು ಮಾಡುತ್ತಾರೆ, ನಗಬೇಕಾದಲ್ಲಿ ನಗುತ್ತಾರೆ, ಚಿತ್ರವನ್ನು ತೋರಿಸೆಂದರೆ ಸರಿಯಾದ ಚಿತ್ರಕ್ಕೇ ಬೆರಳಿಡುತ್ತಾರೆ. ಮಾತು ಮಾತ್ರ ಇಲ್ಲ. ಇದನ್ನು ದಡ್ಡತನವೆಂದೋ ಮೊಂಡುತನವೆಂದೋ ಭಾವಿಸುವ ಉಪಾಧ್ಯಾಯರು ತಾಳ್ಮೆಗೆಟ್ಟು, ಮಗುವನ್ನು ಎದ್ದು ನಿಲ್ಲಿಸಿ, ಎಲ್ಲರೆದುರಿಗೆ ಉತ್ತರವನ್ನು ಹಿಂಡಿ ತೆಗೆಯಲು ಹವಣಿಸುವರು. ಅಂದಿನಿಂದ ಆ ಮಗುವಿಗೆ ಆ ಭಾಷೆಯೆಂದರೆ ಎದೆ ನಡುಕವೇ ಆಗಿಬಿಡುವುದು. ಅನುಭವಿಗಳಾದವರು ಕಾಯುತ್ತಾರೆ. ಕಾಯುವುದೆಂದರೆ ಸುಮ್ಮನಿರುವುದಲ್ಲ: ತಲೆಯಾಡಿಸಿದರೆ ಸಾಕಾಗುವ ಪ್ರಶ್ನೆಯಿಂದ ಮೊದಲುಮಾಡಿ, ‘ಹೌದು, ಇಲ್ಲ’ ಎಂದರೆ ಮುಗಿಯುವ ಪ್ರಶ್ನೆಗೂ, ‘ಕೆಂಪೋ ನೀಲಿಯೋ’ ಎಂದು ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟ ಪ್ರಶ್ನೆಗೂ, ಕೊನೆಗೆ ‘ಏಕೆ’ ಎಂಬ ಪ್ರಶ್ನೆಗೂ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋಗುವುದು. ಇಂಥ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟಮೊದಲು ಕಂಠಗತವಾಗುವ ಪೂರ್ಣವಾಕ್ಯ ಅನೇಕ ವೇಳೆ ‘ಎಸ್ ಕ ಜ ಪೆ ಅಲೆ ಓ ತ್ವಾಲೆತ್?’ ಎಂಬುದು, ಅರ್ಥಾತ್ ‘ನಾನು ಶೌಚಕ್ಕೆ ಹೋಗಬಹುದೆ?’ ಎಂಬ ವಿನಂತಿ. ನಾವು ನಗಬಹುದು, ಆದರೆ ಪ್ರಶ್ನಾರ್ಥಕ ರಚನೆ, ಅನುಮತಿವಾಚಕ ಕ್ರಿಯೆ, ಸಂಧಿಸಹಿತವಾದ ಉಪಸರ್ಗ ಇವೆಲ್ಲ ಕೂಡಿದ ಅಷ್ಟು ಜಟಿಲವಾದ ವಾಕ್ಯ ಐದು ವರ್ಷದ ಬಾಲಕನ ಬಾಯಲ್ಲಿ ಸುಲಲಿತವಾಗಿ ಹೊರಡುವುದಕ್ಕೆ ಕಾರಣ, ಅದನ್ನು ಹೇಳದೆ ಅವನಿಗೆ ಗತ್ಯಂತರವಿಲ್ಲ ಎಂಬುದೇ. ಪರಭಾಷೆಯನ್ನು ಮಗು ಆಡಬೇಕಾದರೆ ಆ ಭಾಷೆಯಿಂದ ಅದಕ್ಕೆ ಆಗಬೇಕಾದ ಕೆಲಸವೊಂದಿರಬೇಕು ಎಂಬ ತತ್ತ್ವಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ನಿದರ್ಶನ ಬೇಕಿಲ್ಲ.

ಕಿವಿ ಮುಂದೆ, ನಾಲಗೆ ಹಿಂದೆ

ಲ್ಯಾಂಬರ್ಟ್ ಅವರೂ ಅವರ ಸಹೋದ್ಯೋಗಿ ರಿಚರ್ಡ್ ಟಕರ್ ಅವರೂ ಈ ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಿ, 1972ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮಕ್ಕಳ ಇಂಗ್ಲಿಷ್ ಕೆಟ್ಟೀತೆಂಬ ಭಯ ನಿರಾಧಾರವೆಂದು ಸಿದ್ಧವಾಯಿತು; ಮೊದಲೆರಡು ವರ್ಷಗಳ ಓದುಬರಹದಲ್ಲಿ ತುಸು ಹಿಂದೆ ಬಿದ್ದಂತೆ ಕಂಡರೂ, ಇಂಗ್ಲಿಷ್ ಪಾಠ ಪ್ರಾರಂಭವಾದ ಮೇಲೆ ಬೇಗನೆ ಸಮಸಮಕ್ಕೆ ಬಂದರು. ಫ್ರೆಂಚಿನಲ್ಲಿ ಕಲಿತ ಗಣಿತವೂ ಕುಂಟಲಿಲ್ಲ. ಈ ಯಶಸ್ಸಿನ ವಾರ್ತೆ ಹರಡಿತು. 1969ರಲ್ಲಿ ಇಂಗ್ಲಿಷ್ ಫ್ರೆಂಚುಗಳೆರಡಕ್ಕೂ ಸಮಾನ ಪದವಿಯನ್ನಿತ್ತ ಅಧಿಕೃತ ಭಾಷೆಗಳ ಶಾಸನ ಜಾರಿಗೆ ಬಂದುದರಿಂದ ಬೇರೆ ಪ್ರಾಂತಗಳೂ ಇದೇ ದಾರಿಯನ್ನು ಹಿಡಿದವು.

ಆದರೆ ಪ್ರಯೋಗವೆಂಬುದು ಗೆದ್ದೆನೆಂದು ಬೀಗುವಷ್ಟರಲ್ಲಿಯೇ ತನ್ನ ನ್ಯೂನತೆಯನ್ನು ತೋರಿಸುವುದು ಲೋಕದ ರೂಢಿ. ಟೊರಾಂಟೋ ನಗರದ ವಿದುಷಿ ಮೆರಿಲ್ ಸ್ವೇನ್ ಅವರು ಆರೇಳು ವರ್ಷ ಹೀಗೆ ಕಲಿತ ಮಕ್ಕಳನ್ನು ಪರಿಶೀಲಿಸಿದಾಗ ಒಂದು ವಿಚಿತ್ರ ಸ್ಥಿತಿ ಕಂಡುಬಂತು: ಕೇಳಿ ತಿಳಿಯುವುದರಲ್ಲಿ ಆ ಮಕ್ಕಳು ಫ್ರೆಂಚ್ ಮನೆಗಳಲ್ಲಿ ಹುಟ್ಟಿದವರಿಗೆ ಬಹುಮಟ್ಟಿಗೆ ಸರಿಸಾಟಿ, ಮಾತನಾಡುವುದರಲ್ಲಿ ಮಾತ್ರ ಸ್ಪಷ್ಟವಾಗಿ ಹಿಂದು. ನಾಮಪದಗಳ ಲಿಂಗ ತಪ್ಪುತ್ತಿತ್ತು, ಕ್ರಿಯಾರೂಪಗಳು ಬಡವಾಗಿದ್ದವು, ಹಿರಿಯರನ್ನು ಗೌರವದಿಂದ ‘ವೂ’ ಎನ್ನಬೇಕಾದಲ್ಲಿ ಸಲಿಗೆಯ ‘ತ್ಯು’ ಬರುತ್ತಿತ್ತು. ಬೇಕಾದಷ್ಟು ಫ್ರೆಂಚನ್ನು ಕೇಳಿದರೂ ಹೀಗಾದುದೇಕೆಂದು ವಿಚಾರಿಸಿ, ತರಗತಿಯಲ್ಲಿ ಮಾತೆಲ್ಲವೂ ಉಪಾಧ್ಯಾಯರ ಪಾಲಾಗಿ, ಮಕ್ಕಳಿಗೆ ಉಳಿದುದು ಒಂದೆರಡು ಪದಗಳ ಉತ್ತರವಷ್ಟೇ ಎಂಬುದನ್ನು ಅವರು ಎತ್ತಿ ತೋರಿಸಿದರು. ಕೇಳುವವನಿಗೆ ಅಲ್ಲೊಂದು ಇಲ್ಲೊಂದು ಶಬ್ದ ಹೊಳೆದರೂ ಸಂದರ್ಭದ ಬಲದಿಂದ ಅರ್ಥ ದಕ್ಕುತ್ತದೆ. ಆಡುವವನಿಗೆ ಆ ಸೌಕರ್ಯವಿಲ್ಲ, ಪ್ರತ್ಯಯ ಪ್ರತ್ಯಯವನ್ನೂ ತಾನೇ ಆಯ್ದು ಜೋಡಿಸಬೇಕು. ಹೀಗೆ ಆಡುವ ಪ್ರಯತ್ನದಲ್ಲಿಯೇ ತನಗೆ ಬಾರದಿರುವುದೇನೆಂಬುದು ಕಲಿಯುವವನಿಗೆ ಗೋಚರವಾಗುತ್ತದೆ ಎಂಬ ಸಿದ್ಧಾಂತವನ್ನು 1985ರಲ್ಲಿ ಸ್ವೇನ್ ಮಂಡಿಸಿದರು. ಮೌನವನ್ನು ಸಹಿಸಬೇಕು, ನಿಜ. ಮೌನದಲ್ಲಿಯೇ ಮಗುವಿನ ಕಾಲಕ್ಷೇಪವಾಗುವಂಥ ತರಗತಿಯನ್ನು ಸಹಿಸಬಾರದು.

ತಪ್ಪನ್ನು ತಿದ್ದುವ ಬಗೆಯಲ್ಲಿಯೂ ಸೂಕ್ಷ್ಮವಿದೆ. ಫ್ರೆಂಚಿನಲ್ಲಿ ವಯಸ್ಸನ್ನು ಹೇಳಲು ‘ಏಳು ವರ್ಷ ಉಳ್ಳವನು’ ಎಂಬರ್ಥದ ‘ಜೆ ಸೆತ್ ಆಂ’ ಎಂಬ ರಚನೆಯುಂಟು. ಇಂಗ್ಲಿಷ್ ಮನೆಯ ಹುಡುಗ ತನ್ನ ಮಾತಿನ ಅಚ್ಚಿನಲ್ಲಿಯೇ ಎರಕಹೊಯ್ದು ‘ಜ ಸ್ವಿ ಸೆತ್ ಆಂ’ ಎಂದುಬಿಡುತ್ತಾನೆ. ಉಪಾಧ್ಯಾಯಿನಿ ಸೌಜನ್ಯದಿಂದ ಸರಿರೂಪವನ್ನು ತಾನೇ ಉಚ್ಚರಿಸಿ, ‘ಓಹೋ, ನಿನಗೆ ಏಳು ವರ್ಷವೆ, ಭೇಷ್!’ ಎಂದರೆ, ಹುಡುಗನ ಲಕ್ಷ್ಯವೆಲ್ಲ ಆ ಭೇಷಿನ ಮೇಲೆಯೇ ಹೋಗಿ, ತಿದ್ದುಪಡಿ ಗಾಳಿಗೆ ಹೋಗುತ್ತದೆ. ಅದಕ್ಕೆ ಬದಲಾಗಿ ಆಕೆ ಪ್ರೀತಿಯಿಂದಲೇ ‘ಜ...’ ಎಂದು ಅರ್ಧಕ್ಕೆ ನಿಲ್ಲಿಸಿ, ಹುಬ್ಬೇರಿಸಿ, ಒಂದು ಕ್ಷಣ ಕಾದಳೆಂದರೆ, ಹುಡುಗ ತನ್ನ ಸ್ಮೃತಿಯನ್ನು ಕೆದಕಿ ಸರಿರೂಪವನ್ನು ತಾನೇ ಹೊರತೆಗೆಯುತ್ತಾನೆ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಎಂಬ ಸಂಶೋಧಕರು ಮಾಂಟ್ರಿಯಲ್ ಪರಿಸರದ ನಾಲ್ಕು ತರಗತಿಗಳಲ್ಲಿ 18 ಗಂಟೆಗೂ ಮೇಲ್ಪಟ್ಟ ಪಾಠಗಳನ್ನು ಧ್ವನಿಮುದ್ರಿಸಿಕೊಂಡು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪಾಧ್ಯಾಯರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲನೆಯ ಬಗೆಯವೆಂದೂ, ಮಕ್ಕಳಿಂದ ಪ್ರತಿಕ್ರಿಯೆ ಅತ್ಯಲ್ಪವಾಗಿ ಹೊರಟದ್ದು ಆ ಬಗೆಗೇ ಎಂದೂ ತಿಳಿದುಬಂತು. ಸಿದ್ಧವಾದ ಉತ್ತರವನ್ನು ಕೈಗಿಡುವ ಔದಾರ್ಯಕ್ಕಿಂತ ಕ್ಷಣಕಾಲ ತಡೆದುಕೊಳ್ಳುವ ಜಾಣ್ಮೆ ಮಗುವಿಗೆ ಹೆಚ್ಚು ಉಪಕಾರಿ.

ಮಾತಿಗೆ ನೆಪ

ಇವೆಲ್ಲವನ್ನೂ ಮನಗಂಡ ಅನುಭವಿ ಉಪಾಧ್ಯಾಯರು ಮಾತಿಗೆ ನೆಪಗಳನ್ನು ಸೃಷ್ಟಿಸುತ್ತಾರೆ. ಇಂಗ್ಲಿಷೇ ಬಾರದ ಒಂದು ಬೊಂಬೆ ತರಗತಿಗೆ ಬರುತ್ತದೆ. ಅದರ ಪ್ರಶ್ನೆಗಳಿಗೆ ಫ್ರೆಂಚಿನಲ್ಲಿ ಉತ್ತರ ಕೊಡದಿದ್ದರೆ ಅದಕ್ಕೆ ತಿಳಿಯುವುದಾದರೂ ಹೇಗೆ? ದೊಡ್ಡವರೊಡನೆ ನಾಚುವ ಕೂಸು ಬೊಂಬೆಯೊಡನೆ ನಾಚುವುದಿಲ್ಲ. ಇಬ್ಬರಿಬ್ಬರು ಮಕ್ಕಳನ್ನು ಎದುರುಬದುರು ಕುಳ್ಳಿರಿಸಿ, ನಡುವೆ ಒಂದು ಮರೆಯನ್ನಿಟ್ಟು, ಒಬ್ಬನ ಕೈಯಲ್ಲಿರುವ ಚಿತ್ರವನ್ನು ಅವನು ವರ್ಣಿಸಿದಂತೆ ಇನ್ನೊಬ್ಬನು ಬರೆಯಬೇಕೆಂದು ಗೊತ್ತುಮಾಡುತ್ತಾರೆ. ಮನೆಯ ಎಡಕ್ಕೆ ಮರ, ಮರದ ಕೆಳಗೆ ಬೆಕ್ಕು ಎಂಬಷ್ಟನ್ನು ಹೇಳದೆ ಆಟ ಸಾಗದು, ಸುಳ್ಳು ಹೇಳಿದರೆ ಚಿತ್ರ ಕೆಡುವುದು. ಗುಟ್ಟು ಒಬ್ಬನಲ್ಲಿಯೂ ಕುತೂಹಲ ಇನ್ನೊಬ್ಬನಲ್ಲಿಯೂ ಇರುವಂತೆ ಏರ್ಪಡಿಸುವುದೇ ಈ ಆಟಗಳೆಲ್ಲದರ ಸೂತ್ರ. ಕ್ಯಾನಡಾದ ಶಿಕ್ಷಕಿ ವೆಂಡಿ ಮ್ಯಾಕ್ಸ್‌ವೆಲ್ ಅವರು ರೂಪಿಸಿದ ಇನ್ನೊಂದು ಪದ್ಧತಿಯಲ್ಲಿ, ಪ್ರತಿಯೊಂದು ಮುಖ್ಯ ಶಬ್ದಕ್ಕೂ ಒಂದೊಂದು ಹಸ್ತಸಂಜ್ಞೆಯುಂಟು. ಉಪಾಧ್ಯಾಯರು ಸಂಜ್ಞೆಗಳನ್ನು ತೋರಿಸುತ್ತ ಹೋದಂತೆ ಮಕ್ಕಳು ಒಕ್ಕೊರಲಿನಿಂದ ವಾಕ್ಯವನ್ನು ನುಡಿಯುತ್ತಾರೆ, ಅವೇ ಶಬ್ದಗಳಿಂದ ಕಟ್ಟಿದ ನಾಟಕವನ್ನು ಆಡುತ್ತಾರೆ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಉಪಾಧ್ಯಾಯರು ಬೆನ್ನು ತಿರುಗಿಸಿದೊಡನೆ ಮಕ್ಕಳು ತಮ್ಮತಮ್ಮಲ್ಲಿ ಇಂಗ್ಲಿಷಿಗೆ ಜಾರುತ್ತಾರೆ. ಮೇಲಿನ ತರಗತಿಗೆ ಹೋದಂತೆಲ್ಲ ಈ ಜಾರುವಿಕೆ ಹೆಚ್ಚುತ್ತದೆ. ಎಲೇನ್ ಟರೋನ್ ಮತ್ತು ಸ್ವೇನ್ 1995ರಲ್ಲಿ ಇದಕ್ಕೆ ಕೊಟ್ಟ ಕಾರಣ ಮನೋಹರವಾಗಿದೆ: ಆ ಮಕ್ಕಳಿಗೆ ಶಾಲೆ ಕಲಿಸಿದ್ದು ಪಾಠದ ಫ್ರೆಂಚು, ಜಗಳವಾಡುವ, ಛೇಡಿಸುವ, ಗುಟ್ಟು ಹೇಳುವ, ಹುಡುಗಾಟದ ಫ್ರೆಂಚನ್ನು ಅವರಿಗೆ ಕಲಿಸಿದವರೇ ಇಲ್ಲ. ಹವೆಯನ್ನು ಶುದ್ಧವಾಗಿ ವರ್ಣಿಸಬಲ್ಲ ಹುಡುಗ ಚೆಂಡನ್ನು ಕಸಿದುಕೊಂಡವನನ್ನು ಬೈಯಲಾರ. ಹನ್ನೆರಡು ವರ್ಷದ ಹುಡುಗನಿಗೆ ಯಾವ ಮಾತು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದಕಾರಣವೇ ಫ್ರೆಂಚ್ ಮನೆಗಳ ಮಕ್ಕಳೊಡನೆ ಆಟ, ಪ್ರವಾಸ, ಪತ್ರವ್ಯವಹಾರಗಳನ್ನು ಏರ್ಪಡಿಸುವುದು ಅವಶ್ಯವೆಂದು ತಿಳಿದವರು ಒತ್ತಿ ಹೇಳುತ್ತಾರೆ.

ದಂಡನೆಯ ದಾರಿ

ಮಕ್ಕಳನ್ನು ಮಾತಾಡಿಸುವುದಕ್ಕೆ ಇನ್ನೊಂದು ದಾರಿಯೂ ಇತಿಹಾಸದಲ್ಲುಂಟು. ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತದಲ್ಲಿ, ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿಯೂ ಆಮೇಲೆಯೂ, ಶಾಲೆಯಲ್ಲಿ ತನ್ನ ಮನೆಮಾತಾದ ಬ್ರೆಟನ್ ಭಾಷೆಯನ್ನಾಡಿ ಸಿಕ್ಕಿಬಿದ್ದ ಹುಡುಗನ ಕೊರಳಿಗೆ ಮರದ ಪಾದುಕೆಯನ್ನೋ ಅಂಥದೇ ಇನ್ನೊಂದು ಕುರುಹನ್ನೋ ತೂಗಹಾಕುತ್ತಿದ್ದರು. ಅವನು ಅದರಿಂದ ಬಿಡುಗಡೆ ಹೊಂದಬೇಕಾದರೆ ಬ್ರೆಟನ್ ಆಡಿದ ಇನ್ನೊಬ್ಬ ಗೆಳೆಯನನ್ನು ಹಿಡಿದುಕೊಡಬೇಕು. ಫ್ರೆಂಚ್ ಬಂತು, ಸಂದೇಹವಿಲ್ಲ. ಅದರೊಡನೆ ಗೂಢಚಾರಿಕೆಯೂ ಸ್ವಭಾಷೆಯ ವಿಷಯದಲ್ಲಿ ಲಜ್ಜೆಯೂ ಬಂದವು. ಅದೇ ಫ್ರೆಂಚ್ ಭಾಷೆ ಕ್ಯಾನಡಾದ ಆಂಟೇರಿಯೋ ಪ್ರಾಂತದಲ್ಲಿ ತಾನೇ ದಂಡನೆಗೆ ಗುರಿಯಾಯಿತು: 1912ರ ಹದಿನೇಳನೆಯ ನಿಬಂಧನೆಯು ಮೊದಲೆರಡು ವರ್ಷಗಳ ಆಚೆಗೆ ಫ್ರೆಂಚ್ ಮಾಧ್ಯಮವನ್ನು ನಿಷೇಧಿಸಿದಾಗ, ಆಟವಾ ನಗರದ ಗೀಗ್ ಶಾಲೆಯಲ್ಲಿ 1916ರ ಚಳಿಗಾಲದಲ್ಲಿ ತಾಯಂದಿರು ಟೋಪಿಗೆ ಸಿಕ್ಕಿಸುವ ಉದ್ದನೆಯ ಸೂಜಿಗಳನ್ನು ಹಿಡಿದು ಬಾಗಿಲಲ್ಲಿ ಕಾವಲು ನಿಂತು ತಮ್ಮ ಶಿಕ್ಷಕಿಯರನ್ನು ರಕ್ಷಿಸಿದರು.

ನಮ್ಮ ನಾಡಿನ ಎಷ್ಟೋ ಇಂಗ್ಲಿಷ್ ಶಾಲೆಗಳಲ್ಲಿ ಕನ್ನಡವಾಡಿದ ಮಗುವಿಗೆ ದಂಡ ವಿಧಿಸುವ ಪದ್ಧತಿಯನ್ನು ಕಂಡವರು ಆ ಮರದ ಪಾದುಕೆಯನ್ನು ದೂರದೇಶದ ಕಥೆಯೆಂದು ತಳ್ಳಿಹಾಕಲಾರರು. ಸೇಂಟ್ ಲ್ಯಾಂಬರ್ಟಿನ ಪ್ರಯೋಗವನ್ನು ತಮಗೆ ಆಧಾರವಾಗಿ ಉದಾಹರಿಸುವ ಶಾಲೆಗಳೂ ಉಂಟು: ಅಲ್ಲಿ ಮನೆಮಾತನ್ನು ಬಿಟ್ಟು ಪರಭಾಷೆಯಲ್ಲಿ ಕಲಿತ ಮಕ್ಕಳು ಗೆದ್ದರಲ್ಲವೆ ಎಂಬುದು ಅವರ ತರ್ಕ. ಈ ತರ್ಕಕ್ಕೆ ಉತ್ತರವನ್ನು ಲ್ಯಾಂಬರ್ಟ್ ಅವರೇ ಹೇಳಿದ್ದಾರೆ. ಇರುವುದರ ಮೇಲೆ ಕೂಡಿಕೊಳ್ಳುವ ದ್ವಿಭಾಷಿತ್ವ ಬೇರೆ, ಇರುವುದನ್ನು ಕಳೆಯುವ ದ್ವಿಭಾಷಿತ್ವ ಬೇರೆ ಎಂದು ಅವರು ವಿಂಗಡಿಸಿದರು. ಸೇಂಟ್ ಲ್ಯಾಂಬರ್ಟಿನ ಮಕ್ಕಳ ಮನೆಮಾತು ಖಂಡದಲ್ಲೆಲ್ಲ ಪ್ರಬಲವಾದ ಇಂಗ್ಲಿಷು. ಶಾಲೆಯಲ್ಲಿ ಅದನ್ನು ಆಡಿದ್ದಕ್ಕೆ ಯಾರೂ ಅವರನ್ನು ಹೀಯಾಳಿಸಲಿಲ್ಲ. ಉಪಾಧ್ಯಾಯಿನಿಗೆ ಅದು ತಿಳಿಯುತ್ತಿತ್ತು. ಎರಡನೆಯ ತರಗತಿಯಿಂದ ಅದು ಪಾಠವಾಗಿಯೂ ಬಂತು. ಮನೆಮಾತು ಭದ್ರವಾಗಿದ್ದುದರಿಂದಲೇ ಹೊಸ ಮಾತು ಹಗುರವಾಯಿತು. ಮನೆಗೆ ನೆಂಟನು ಬಂದನೆಂದು ಮನೆಯವರನ್ನು ಹೊರಗೆ ಕಳುಹಿಸುವುದುಂಟೆ? ಮನೆಯವರಿದ್ದರಲ್ಲವೆ ನೆಂಟನಿಗೆ ಸತ್ಕಾರ!

ಈ ವಿವೇಚನೆ ಕ್ವಿಬೆಕ್ಕಿಗೆ ಹೋಗಿ ನೆಲೆಸುವ ಕನ್ನಡಿಗರಿಗೂ ಪ್ರಸ್ತುತವಾದುದು. 1977ರ ಫ್ರೆಂಚ್ ಭಾಷಾಸನದಿನ ಮೇರೆಗೆ ಅಲ್ಲಿ ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗತಕ್ಕದ್ದು. ಭಾಷೆಯರಿಯದೆ ಬಂದವರಿಗಾಗಿ ‘ಸ್ವಾಗತ ತರಗತಿ’ಗಳುಂಟು. ಅಂಥ ತಾಯಿತಂದೆಗಳಲ್ಲಿ ಕೆಲವರು, ಮಗು ಬೇಗ ಫ್ರೆಂಚ್ ಆಡಲೆಂಬ ಆತುರದಿಂದ, ತಮಗೇ ಅರೆಬರೆಯಾಗಿ ಬರುವ ಪರಭಾಷೆಯನ್ನು ಮನೆಯೊಳಕ್ಕೂ ತಂದುಬಿಡುವುದುಂಟು. ಬೆಂಗಳೂರಿನಲ್ಲಿ ಫ್ರೆಂಚನ್ನು ಐಚ್ಛಿಕ ಭಾಷೆಯಾಗಿ ಆರಿಸಿಕೊಳ್ಳುವವರ ಕಷ್ಟ ಬೇರೊಂದು ತೆರನಾದುದು: ಅಂಕ ಹೆಚ್ಚು ಬರುತ್ತದೆಂಬ ಕಾರಣದಿಂದ ಅದನ್ನು ಹಿಡಿದವರು ಉತ್ತರಪತ್ರಿಕೆಯಲ್ಲಿ ನೂರಕ್ಕೆ ತೊಂಬತ್ತನ್ನು ಗಳಿಸಿಯೂ ಒಂದು ಲೋಟ ನೀರನ್ನು ಫ್ರೆಂಚಿನಲ್ಲಿ ಕೇಳಲಾರರು. ಕೇಳಬೇಕಾದ ಪ್ರಸಂಗವೇ ಅವರ ತರಗತಿಯಲ್ಲಿ ಒದಗಿರುವುದಿಲ್ಲ.

ಫ್ರೆಂಚಾಗಲಿ ಇಂಗ್ಲಿಷಾಗಲಿ, ಕ್ಯಾನಡಾದಲ್ಲಾಗಲಿ ಕನ್ನಡನಾಡಿನಲ್ಲಾಗಲಿ, ಸಣ್ಣ ಮಕ್ಕಳ ಬಾಯಲ್ಲಿ ಪರಭಾಷೆ ಆಡಬೇಕೆಂದು ಬಯಸುವವರು ಗಮನಿಸಬೇಕಾದ ಸಂಗತಿಗಳು ಬಹಳವೇನಿಲ್ಲ. ಆ ಭಾಷೆಯಿಂದ ಮಗುವಿಗೆ ಆಗುವ ಕೆಲಸವಿರಲಿ, ಬಾಯಿ ತೆರೆಯುವವರೆಗೆ ಕಾಯುವ ಸಹನೆಯಿರಲಿ, ತೆರೆದ ಮೇಲೆ ಆಡಲು ಬೇಕಾದಷ್ಟು ಹೊತ್ತಿರಲಿ, ತಪ್ಪಿಗೆ ಹೆದರಿಕೆಯಿಲ್ಲದಿರಲಿ, ಮನೆಮಾತಿಗೆ ಅಪಮಾನವಿಲ್ಲದಿರಲಿ. ಇದಕ್ಕೆ ಹೆಚ್ಚಿನ ಹಣ ಬೇಡ, ಸರಕಾರದ ಆಜ್ಞೆ ಬೇಡ, ಯಂತ್ರೋಪಕರಣಗಳೂ ಬೇಡ. ಬೇಕಾದುದು, ಪಾಠದ ಗಂಟೆಯಲ್ಲಿ ಉಪಾಧ್ಯಾಯರು ತಮ್ಮ ಮಾತನ್ನು ಅರ್ಧಕ್ಕೆ ಇಳಿಸಿ ಉಳಿದರ್ಧವನ್ನು ಮಕ್ಕಳಿಗೆ ಬಿಟ್ಟುಕೊಡುವ ಸಂಯಮ. ಮಾತನಾಡುವುದೇ ವೃತ್ತಿಯಾಗಿರುವವರಿಗೆ ಅದಕ್ಕಿಂತ ಕಠಿಣವಾದ ವ್ರತ ಇನ್ನೊಂದಿಲ್ಲ.